ಲೇಸರ್ ಮೀಟರ್ ತಪ್ಪು ಅಳತೆ ಕೊಟ್ಟರೆ ಎಲ್ಲಿಂದ ಹುಡುಕಬೇಕು?

ಕಳೆದ ಜೂನ್‌ನಲ್ಲಿ ಕಟಪಾಡಿ ಕಡೆಯ ಮೇಸ್ತ್ರಿಯೊಬ್ಬರು ದೂರ ಅಳೆಯುವ ತಮ್ಮ ಲೇಸರ್ ಮೀಟರನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದರು. "ಇದು ಗಳಿಗೆಗೊಂದು ಲೆಕ್ಕ ಹೇಳ್ತದೆ, ಎಸೆಯುವುದೇ ವಾಸಿ" ಎಂದರು. ನಾನು ಮೇಜಿನ ಮೇಲಿಟ್ಟು ಎದುರಿನ ಗೋಡೆಗೆ ಹಿಡಿದೆ. 3.642 ಮೀಟರ್. ಮತ್ತೆ ಒತ್ತಿದೆ. 3.642. ಹತ್ತು ಸಲ ಒತ್ತಿದರೂ ಒಂದು ಮಿಲಿಮೀಟರಿಗಿಂತ ಆಚೀಚೆ ಹೋಗಲಿಲ್ಲ. "ಸೈಟಿನಲ್ಲಿ ಯಾವುದಕ್ಕೆ ಹಿಡಿದಿರಿ?" ಎಂದು ಕೇಳಿದೆ. ಮಳೆಯಲ್ಲಿ ನೆನೆದ ಕೆಂಪು ಕಲ್ಲಿನ ಗೋಡೆಗಂತೆ, ಅದೂ ಮೂಲೆಯಿಂದ ಓರೆಯಾಗಿ.

ಸರ್ವೆ ಉಪಕರಣಗಳ ಸಣ್ಣಪುಟ್ಟ ರಿಪೇರಿ ಮಾಡುವ ನನ್ನ ಬಳಿ ಇಂಥವು ಬರುತ್ತಲೇ ಇರುತ್ತವೆ. ಹೆಚ್ಚಿನವುಗಳಿಗೆ ಸ್ಕ್ರೂ ಬಿಚ್ಚುವ ಅಗತ್ಯವೇ ಬೀಳುವುದಿಲ್ಲ. ತೊಂದರೆ ಇರುವುದು ಬೆಳಕು ಹೋಗಿ ಬರುವ ದಾರಿಯಲ್ಲಿ. ಹಾಗಾಗಿ ಕೆಳಗೆ ಬರೆದಿರುವ ಕ್ರಮ ಖರ್ಚಿಲ್ಲದ ತಪಾಸಣೆಯಿಂದ ಶುರುವಾಗಿ, ಸರ್ವಿಸ್ ಸೆಂಟರಿನ ಬಾಗಿಲಲ್ಲಿ ನಿಲ್ಲುತ್ತದೆ.

ಒಳಗೆ ಏನಿದೆ, ಇಷ್ಟು ಗೊತ್ತಿದ್ದರೆ ಸಾಕು

ಮೀಟರಿನ ಮೂತಿಯಲ್ಲಿ ಎರಡು ಕಣ್ಣುಗಳಿವೆ. ಚಿಕ್ಕದರಿಂದ ಕೆಂಪು ಬೆಳಕು ಹೊರಗೆ ಹೋಗುತ್ತದೆ. ದೊಡ್ಡದು ಗೋಡೆಗೆ ಬಡಿದು ಚದುರಿ ವಾಪಸು ಬರುವ ಬೆಳಕನ್ನು ಹಿಡಿಯುತ್ತದೆ. ಹಿಡಿದ ಬೆಳಕು ಒಂದು ಕೆಂಪು ಫಿಲ್ಟರ್ ದಾಟಿ, ಎಳ್ಳಿನ ಕಾಳಿಗಿಂತ ಚಿಕ್ಕದಾದ ಒಂದು ಸೆನ್ಸರಿನ ಮೇಲೆ ಬೀಳಬೇಕು. ಅದರ ಹೆಸರು ಅವಲಾಂಚ್ ಫೋಟೋಡಯೋಡ್.

ಬೆಳಕು ಒಂದು ನ್ಯಾನೋ ಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಓಡುತ್ತದೆ. ಒಂದು ಮಿಲಿಮೀಟರ್ ವ್ಯತ್ಯಾಸ ಗುರುತಿಸಬೇಕಾದರೆ ಹೋಗಿ ಬರುವ ಸಮಯದಲ್ಲಿ ಏಳು ಪಿಕೋ ಸೆಕೆಂಡಿಗೂ ಕಡಿಮೆ ಅಂತರ ಗೊತ್ತಾಗಬೇಕು. ಅಷ್ಟು ಸೂಕ್ಷ್ಮವಾದ ಗಡಿಯಾರವನ್ನು ಕೈಯಲ್ಲಿ ಹಿಡಿಯುವ ಡಬ್ಬಿಯಲ್ಲಿ ಕೂರಿಸುವುದು ಕಷ್ಟ. ಅದಕ್ಕೆ ಹೆಚ್ಚಿನ ಮೀಟರುಗಳು ಬೇರೆ ಉಪಾಯ ಮಾಡುತ್ತವೆ. ಬೆಳಕನ್ನು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಏರಿಳಿಸಿ ಕಳಿಸುತ್ತವೆ, ವಾಪಸು ಬಂದ ಅಲೆ ಎಷ್ಟು ಹಿಂದೆ ಬಿದ್ದಿದೆ ಎಂದು ನೋಡುತ್ತವೆ. ಕೈಯಲ್ಲಿ ಹಿಡಿಯುವ ಇಂಥ ಮೀಟರನ್ನು ಮೊದಲು ಮಾರುಕಟ್ಟೆಗೆ ತಂದದ್ದು ಲೈಕಾ ಕಂಪನಿ, 1993ರಲ್ಲಿ. ಈಗ ಬೆಲೆ ಇಳಿದು ಟೈಲ್ಸ್ ಹಾಕುವವರ ಚೀಲದಲ್ಲೂ ಒಂದಿರುತ್ತದೆ.

ಕೈ ಹಾಕುವ ಮೊದಲು

ಈ ಮೀಟರುಗಳು ಸಾಮಾನ್ಯವಾಗಿ ಕ್ಲಾಸ್ 2 ಲೇಸರ್. ಅಂದರೆ ಶಕ್ತಿ 1 ಮಿಲಿವ್ಯಾಟಿಗಿಂತ ಕಡಿಮೆ. ಅಚಾನಕ್ಕಾಗಿ ಕಣ್ಣಿಗೆ ಬಿದ್ದರೆ ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಇದನ್ನು ಸುರಕ್ಷಿತ ಎನ್ನುತ್ತಾರೆ. "ಬೆಳಕು ಬರ್ತಾ ಉಂಟಾ ನೋಡುವ" ಎಂದು ಬೇಕೆಂದೇ ಮೂತಿಯೊಳಗೆ ಇಣುಕಿದರೆ ಆ ಲೆಕ್ಕ ನಡೆಯುವುದಿಲ್ಲ. ಬೆಳಕು ಬರುತ್ತದೋ ಇಲ್ಲವೋ ಎಂದು ನೋಡಲು ಒಂದು ಬಿಳಿ ಕಾಗದ ಅಡ್ಡ ಹಿಡಿದರೆ ಆಯಿತು.

ಸೈಟಿನಲ್ಲಿ ಮಟ್ಟ ನೋಡುವ ಆಟೋ ಲೆವೆಲಿನ ದುರ್ಬೀನಿನಿಂದ ಲೇಸರ್ ಬರುವ ಕಡೆಗೆ ನೋಡಬೇಡಿ. ದುರ್ಬೀನು ಬೆಳಕನ್ನು ಒಟ್ಟು ಮಾಡಿ ಕಣ್ಣಿಗೆ ಸುರಿಯುತ್ತದೆ. ಮಕ್ಕಳ ಕೈಗೆ ಕೊಡಬೇಡಿ. ಬಜಪೆ ವಿಮಾನ ನಿಲ್ದಾಣದ ಆಸುಪಾಸಿನವರು ಸುಮ್ನೆ ತಮಾಷೆಗೆಂದು ರಾತ್ರಿ ಆಕಾಶಕ್ಕೆ ಯಾವ ಲೇಸರನ್ನೂ ತಿರುಗಿಸಬೇಡಿ.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಕೆಲವು ಕಿಟ್‌ಗಳಲ್ಲಿ ಕೆಂಪು ಕನ್ನಡಕ ಬರುತ್ತದೆ. ಬಿಸಿಲಲ್ಲಿ ಚುಕ್ಕೆ ಎದ್ದು ಕಾಣಲಿ ಎಂದು ಕೊಡುವ ಕನ್ನಡಕ ಅದು. ಅದು ಕೆಂಪು ಬೆಳಕನ್ನು ಒಳಗೆ ಬಿಡುತ್ತದೆ, ತಡೆಯುವುದಿಲ್ಲ. ಕಣ್ಣಿನ ರಕ್ಷಣೆಗೆ ಅಂತ ಹಾಕಿಕೊಳ್ಳುವವರನ್ನು ನಾನೇ ನೋಡಿದ್ದೇನೆ.

ಆನ್ ಆಗುವುದಿಲ್ಲ, ಅಥವಾ ಆನ್ ಆಗಿ ಅರ್ಧದಲ್ಲೇ ಕಣ್ಣು ಮುಚ್ಚುತ್ತದೆ

ಸೆಲ್ ಬದಲಿಸಿ. ಎರಡನ್ನೂ ಒಟ್ಟಿಗೆ, ಒಂದೇ ಕಂಪನಿಯದು. ಒಂದು ಹೊಸದು, ಒಂದು ಟಿವಿ ರಿಮೋಟಿನಿಂದ ಕಿತ್ತದ್ದು ಎಂದು ಮಾಡಬೇಡಿ. ಮಲ್ಟಿಮೀಟರ್ ಇದ್ದರೆ ನೋಡಿ: ಹೊಸ ಆಲ್ಕಲೈನ್ ಸೆಲ್ ಒಂದೂವರೆ ವೋಲ್ಟ್ ಅಥವಾ ಸ್ವಲ್ಪ ಮೇಲೆ ತೋರಿಸುತ್ತದೆ, 1.2ಕ್ಕೆ ಇಳಿದಿದ್ದರೆ ಅದರ ಕಥೆ ಹೆಚ್ಚು ಕಡಿಮೆ ಮುಗಿದಿದೆ. ರೀಚಾರ್ಜ್ ಮಾಡುವ ಸೆಲ್ ಸಹಜವಾಗಿಯೇ 1.2 ವೋಲ್ಟಿನದು. ಹಾಗಾಗಿ ಕೆಲವು ಮೀಟರುಗಳು ಅದನ್ನು ಹಾಕಿದ ಕೂಡಲೇ ಬ್ಯಾಟರಿ ಖಾಲಿ ಎಂದು ಬೊಬ್ಬೆ ಹೊಡೆಯುತ್ತವೆ.

ಸೆಲ್ ಹೊಸದಾದರೂ ಆನ್ ಆಗದಿದ್ದರೆ ಸ್ಪ್ರಿಂಗ್ ನೋಡಿ. ನಮ್ಮ ಕಡಲ ಗಾಳಿಗೆ ಸ್ಪ್ರಿಂಗ್ ಹಸಿರಾಗುವುದು ಮಾಮೂಲು. ಪೆನ್ಸಿಲ್ ರಬ್ಬರಿನಿಂದ ತಿಕ್ಕಿದರೆ ಹೋಗುತ್ತದೆ. ಬಿಳಿ ಪುಡಿ ಕಂಡರೆ ಆಲ್ಕಲೈನ್ ಸೆಲ್ ಸೋರಿದೆ ಎಂದರ್ಥ. ಆ ಪುಡಿ ಕ್ಷಾರ, ಚರ್ಮ ಸುಡುತ್ತದೆ. ಕೈಗೆ ಗ್ಲೌಸ್ ಹಾಕಿ, ಕಿವಿಕಡ್ಡಿಗೆ ಒಂದು ಹನಿ ವಿನೆಗರ್ ತಾಗಿಸಿ ಒರೆಸಿ, ಆಮೇಲೆ ಸ್ಪಿರಿಟಿನಲ್ಲಿ ಒರೆಸಿ ಒಣಗಿಸಿ. ಒಳಗೇ ಲಿಥಿಯಂ ಬ್ಯಾಟರಿ ಇರುವ ಮೀಟರಿನ ಬೆನ್ನು ಉಬ್ಬಿದ್ದರೆ ಅಲ್ಲಿಗೆ ನಿಲ್ಲಿಸಿ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ.

ರೀಡಿಂಗ್ ಸ್ಥಿರವಾಗಿದೆ, ಆದರೆ ಪ್ರತಿ ಸಲವೂ ಅರ್ಧ ಗೇಣಿನ ಹತ್ತಿರ ತಪ್ಪು

ನನಗೆ ಬರುವ ದೂರುಗಳಲ್ಲಿ ಅತಿ ಸುಲಭವಾದದ್ದು ಇದು. ಹೇಳಲು ಸ್ವಲ್ಪ ಮುಜುಗರ ಆಗುವುದೂ ಇದನ್ನೇ. ಮೀಟರ್ ತನ್ನ ಬೆನ್ನ ತುದಿಯಿಂದ ಲೆಕ್ಕ ಹಾಕುತ್ತದೋ, ಮೂತಿಯಿಂದ ಹಾಕುತ್ತದೋ ಎಂದು ಬದಲಿಸಲು ಒಂದು ಬಟನ್ ಇರುತ್ತದೆ. ಜೇಬಿನಲ್ಲಿ ಅದು ಒತ್ತಿಹೋಗುತ್ತದೆ. ಆಗ ಎಲ್ಲ ಅಳತೆಗಳಿಗೂ ಮೀಟರಿನ ಉದ್ದದಷ್ಟೇ, ಸಾಮಾನ್ಯವಾಗಿ 11–12 ಸೆಂಟಿಮೀಟರ್, ಕೂಡುತ್ತದೆ ಅಥವಾ ಕಳೆಯುತ್ತದೆ. ಪರದೆಯ ಮೂಲೆಯಲ್ಲಿ ಪುಟ್ಟ ಮೀಟರಿನ ಚಿತ್ರ, ಅದರ ಒಂದು ತುದಿಯಲ್ಲಿ ಗೆರೆ ಇರುತ್ತದೆ. ಆ ಗೆರೆ ಯಾವ ತುದಿಯಲ್ಲಿದೆಯೋ ಆ ತುದಿಯನ್ನು ಅಳತೆ ಶುರುವಾಗುವ ಜಾಗಕ್ಕೆ ಸರಿಯಾಗಿ ಇಡಬೇಕು.

ಒಮ್ಮೆ ಮಣಿಪಾಲದ ಒಂದು ಫ್ಲಾಟಿಗೆ ಅಡುಗೆಮನೆ ಕಪಾಟು ಮಾಡಿಸಿದವರಿಗೆ ಹೀಗೇ ಆಯಿತು. ಕಪಾಟು ಬಂದು ನಿಂತಾಗ ಗೋಡೆಗಿಂತ 11 ಸೆಂಟಿಮೀಟರ್ ಉದ್ದ. ಬಡಗಿ ಮೀಟರನ್ನು ಬೈದರು, ಮನೆಯವರು ಬಡಗಿಯನ್ನು ಬೈದರು.

ಅಡಿ-ಇಂಚಿನ ಗೊಂದಲವೂ ಇದೇ ಜಾತಿಯದು. ನಮ್ಮಲ್ಲಿ ಜಾಗದ ಮಾತು ಸೆಂಟ್ಸ್ ಲೆಕ್ಕದಲ್ಲಿ, ಕೋಣೆಯ ಮಾತು ಅಡಿಯಲ್ಲಿ, ನಕ್ಷೆ ಮೀಟರಿನಲ್ಲಿ. 10.6 ಎಂದರೆ ಹತ್ತಡಿ ಆರಿಂಚು ಅಲ್ಲ, ಹತ್ತಡಿ ಏಳು ಇಂಚಿಗೂ ಸ್ವಲ್ಪ ಮೇಲೆ. ಪರದೆಯಲ್ಲಿ ಇಂಚಿನ ಗುರುತು ಬಂದಿದೆಯೇ, ಬರೇ ಚುಕ್ಕಿಯೇ ಎಂದು ನೋಡಿಕೊಳ್ಳಿ.

ಮನೆಯೊಳಗೆ ಸರಿ, ಅಂಗಳಕ್ಕೆ ಬಂದರೆ ಎರರ್

ಬಿಸಿಲಿನ ಕೆಲಸ ಇದು. ಒಂದು ಲೆಕ್ಕ ಮಾಡಿ ನೋಡೋಣ. ಹತ್ತು ಮೀಟರ್ ದೂರದಲ್ಲಿ ಲೇಸರ್ ಚುಕ್ಕೆ ಸುಮಾರು 6 ಮಿಲಿಮೀಟರ್ ಅಗಲ ಇದೆ ಎಂದುಕೊಳ್ಳಿ. ನಡುಹಗಲಿನ ಬಿಸಿಲು ಚದರ ಮೀಟರಿಗೆ ಹೆಚ್ಚು ಕಡಿಮೆ 1,000 ವ್ಯಾಟ್. ಅಂದರೆ ಆ ಪುಟ್ಟ ಚುಕ್ಕೆಯ ಜಾಗದ ಮೇಲೆ ಸೂರ್ಯ ಸುರಿಯುವುದು 28 ಮಿಲಿವ್ಯಾಟ್. ನಿಮ್ಮ ಮೀಟರ್ ಕೊಡುವುದು ಒಂದು ಮಿಲಿವ್ಯಾಟಿಗಿಂತ ಕಡಿಮೆ. ಕೆಂಪು ಫಿಲ್ಟರ್ ಇಲ್ಲದಿದ್ದರೆ ಸೆನ್ಸರಿಗೆ ಏನೂ ತಿಳಿಯುತ್ತಲೇ ಇರಲಿಲ್ಲ. ಫಿಲ್ಟರ್ ಇದ್ದರೂ ಸೂರ್ಯನ ಬೆಳಕಿನಲ್ಲಿರುವ ಕೆಂಪು ಪಾಲು ಒಳಗೆ ನುಗ್ಗುತ್ತದೆ. ಜಾತ್ರೆಯ ಗದ್ದಲದಲ್ಲಿ ಒಬ್ಬರ ಪಿಸುಮಾತು ಕೇಳಿದ ಹಾಗೆ.

ಪೆಟ್ಟಿಗೆಯ ಮೇಲೆ 40 ಮೀಟರ್ ಎಂದು ಬರೆದಿರುವುದು ನೆರಳಿನಲ್ಲಿ, ಬಿಳಿ ಗೋಡೆಗೆ ಹಿಡಿದಾಗಿನ ಮಾತು. ದೂರ ಎರಡು ಪಟ್ಟಾದರೆ ವಾಪಸು ಬರುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ತೋಟದ ಬೇಲಿಯ ಒಂದು ಕಲ್ಲುಕಂಬದಿಂದ ಇನ್ನೊಂದಕ್ಕೆ 35 ಮೀಟರ್ ಹಿಡಿಯಲು ಹೋದರೆ ಅದು ಪಾಪ ಏನು ಮಾಡೀತು?

ಮಾಡಬೇಕಾದದ್ದು ಸುಲಭ. ಬೆಳಿಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದೂವರೆ ಮೇಲೆ ಅಳೆಯಿರಿ. ಆಗದಿದ್ದರೆ ಗುರಿಯ ಮೇಲೆ ಕೊಡೆಯ ನೆರಳು ಹಿಡಿಯಿರಿ. ಗುರಿಗೆ ಬಿಳಿ, ಹೊಳಪಿಲ್ಲದ ರಟ್ಟು ಇಡಿ. ಹಳೆಯ ಮದುವೆ ಕಾಗದದ ಹಿಂಬದಿ ಇದಕ್ಕೆ ಬಹಳ ಒಳ್ಳೆಯದು, ಹೊಳಪು ಇರುವ ಬದಿ ಬೇಡ. ಸಾಧ್ಯವಾದರೆ ಸೂರ್ಯನಿಗೆ ಬೆನ್ನು ಹಾಕುವ ಬದಲು ಗುರಿಯೇ ನೆರಳಿನಲ್ಲಿರುವ ದಿಕ್ಕಿನಿಂದ ಅಳೆಯಿರಿ. ಇಷ್ಟರಲ್ಲಿ ಸರಿಹೋದರೆ ಮೀಟರಿನಲ್ಲಿ ದೋಷ ಇಲ್ಲ.

ಪರದೆಯಲ್ಲಿ ಸಂಖ್ಯೆ ಬಂದರೆ ಅದನ್ನೂ ಗಮನಿಸಿ. ಲೈಕಾ ಡಿಸ್ಟೊ ಮಾದರಿಗಳಲ್ಲಿ 255 ಎಂದರೆ ವಾಪಸು ಬಂದ ಬೆಳಕು ತೀರಾ ಕಡಿಮೆ, 256 ಎಂದರೆ ತೀರಾ ಜಾಸ್ತಿ, 257 ಎಂದರೆ ಸುತ್ತಲಿನ ಬೆಳಕು ಜಾಸ್ತಿ, 252 ಎಂದರೆ ಮೀಟರ್ ಕಾದಿದೆ. ಬೇರೆ ಕಂಪನಿಗಳ ಸಂಖ್ಯೆ ಬೇರೆ, ಕೈಪಿಡಿ ನೋಡಿಯೇ ಹೇಳಬೇಕು. ಕಾದ ಎರರ್ ಬಂದರೆ ನೆರಳಿನಲ್ಲಿ ಅರ್ಧ ಗಂಟೆ ಇಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟದ್ದಾದರೆ ಅದೇ ಕಾರಣ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ಹೊರಗೆ ತೆಗೆದ ಕೂಡಲೇ ಒಳಗೆಲ್ಲ ನೀರು ಕೂರುತ್ತದೆ.

ಕೆಲವು ಗೋಡೆಗೆ ಸರಿ, ಕೆಲವಕ್ಕೆ ಹುಚ್ಚು ಲೆಕ್ಕ

ಮೇಸ್ತ್ರಿಯ ಕೆಂಪು ಕಲ್ಲಿಗೆ ಇಲ್ಲಿ ಬರೋಣ. ಮುರಕಲ್ಲಿನ ಮೈಯೆಲ್ಲ ತೂತು. ಕೆಲವು ತೂತು ಕಿರುಬೆರಳು ಹೋಗುವಷ್ಟು. ಕೆಂಪು ಬೆಳಕನ್ನು ಆ ಕಲ್ಲು ಮೋಸ ಇಲ್ಲದೆ ವಾಪಸು ಕಳಿಸುತ್ತದೆ. ಆದರೆ ಚುಕ್ಕೆ ಒಮ್ಮೆ ಅಂಚಿಗೆ ಬಿದ್ದರೆ, ಕೈ ಸ್ವಲ್ಪ ಅಲುಗಿದಾಗ ತೂತಿನೊಳಗೆ ಬೀಳುತ್ತದೆ. ಐದು, ಎಂಟು, ಹತ್ತು ಮಿಲಿಮೀಟರ್ ಏರುಪೇರು ಅಲ್ಲಿಯೇ ಆಯಿತು. ಕಲ್ಲು ನೆನೆದಿದ್ದರೆ ಇನ್ನೂ ಕಪ್ಪಾಗಿ ಬೆಳಕು ನುಂಗುತ್ತದೆ. ಓರೆಯಾಗಿ ಹಿಡಿದರೆ ಚುಕ್ಕೆ ಉದ್ದಕ್ಕೆ ಹಿಗ್ಗಿ ನಾಲ್ಕು ತೂತನ್ನು ಒಟ್ಟಿಗೆ ಮುಟ್ಟುತ್ತದೆ. ಗೋಡೆಗೆ ಒಂದು ರಟ್ಟು ಒತ್ತಿ ಹಿಡಿಯಿರಿ ಎಂದೆ. ಮರುದಿನ ಫೋನ್ ಮಾಡಿ, "ಮೀಟರ್ ಒಳ್ಳೆದುಂಟು ಮಾರಾಯ್ರೆ" ಎಂದರು. ರಟ್ಟಿನ ದಪ್ಪ ಕಳೆಯಲು ಮರೆತಿರಬಹುದು. ಒಂದು ಮಿಲಿಮೀಟರ್ ತಾನೇ, ನಾನು ಕೇಳಲಿಲ್ಲ.

ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್, ಹೊಳೆಯುವ ಟೈಲ್ಸ್, ಸ್ಟೀಲ್ ಸಿಂಕ್ ಎಲ್ಲವೂ ಕನ್ನಡಿಯ ಸಂಬಂಧಿಕರು. ಬೆಳಕನ್ನು ಚದುರಿಸುವುದಿಲ್ಲ, ಒಂದೇ ಕಡೆಗೆ ಎಸೆಯುತ್ತವೆ. ಓರೆಯಾಗಿ ಹಿಡಿದರೆ ಬೆಳಕು ಬೇರೆ ಗೋಡೆಗೆ ಹೋಗಿ ಅಲ್ಲಿಂದ ಅದೇ ದಾರಿಯಲ್ಲಿ ವಾಪಸು ಬರುತ್ತದೆ, ಅಳತೆ ಉದ್ದವಾಗುತ್ತದೆ. ನೆಟ್ಟಗೆ ಹಿಡಿದರೆ ಒಮ್ಮೆಲೇ ಜಾಸ್ತಿ ಬೆಳಕು ಬಡಿದು ಎರರ್ ಬರುತ್ತದೆ. ಕಿಟಕಿ ಗಾಜಿಗೆ ಹಿಡಿದರೆ ಆಚೆ ಮನೆಯ ಗೋಡೆಯ ದೂರ ಬರಬಹುದು. ಎಲ್ಲಕ್ಕೂ ಮದ್ದು ಒಂದೇ, ಅದೇ ರಟ್ಟು.

ಬಾವಿಯದು ಇನ್ನೂ ಚೆಂದದ ಸಂಗತಿ. ಮಾರ್ಚ್ ಬಂದರೆ "ನೀರು ಎಷ್ಟು ಕೆಳಗೆ ಹೋಗಿದೆ ನೋಡುವ" ಎಂದು ಬಾವಿಕಟ್ಟೆಯಿಂದ ಲೇಸರ್ ಬಿಡುವವರಿದ್ದಾರೆ. ನೆಟ್ಟಗೆ ಬಿದ್ದ ಬೆಳಕಿನಲ್ಲಿ ನೀರಿನ ಮೇಲ್ಮೈ ವಾಪಸು ಕಳಿಸುವುದು ನೂರಕ್ಕೆ ಎರಡು ಪಾಲು. ಮಿಕ್ಕದ್ದು ಕೆಳಗಿಳಿಯುತ್ತದೆ. ನೀರು ತಿಳಿಯಾಗಿದ್ದರೆ ತಳದ ಕಲ್ಲಿಗೆ ಬಡಿದು ಬರುತ್ತದೆ. ನೀರಿನಲ್ಲಿ ಬೆಳಕಿನ ವೇಗ ಕಡಿಮೆ, ಹಾಗಾಗಿ ಮೀಟರ್ ಆ ಭಾಗವನ್ನು ಮೂರನೇ ಒಂದು ಪಾಲು ಜಾಸ್ತಿ ಎಂದು ತೋರಿಸುತ್ತದೆ. ಎರಡು ಮೀಟರ್ ನೀರಿದ್ದರೆ 66 ಸೆಂಟಿಮೀಟರ್ ಹೆಚ್ಚುವರಿ. ನೀರಿನ ಮಟ್ಟವೂ ಸಿಗಲಿಲ್ಲ, ಬಾವಿಯ ಆಳವೂ ಸಿಗಲಿಲ್ಲ! ಒಂದು ಬಿಳಿ ಥರ್ಮಾಕೋಲ್ ತುಂಡಿಗೆ ದಾರ ಕಟ್ಟಿ ತೇಲಿಬಿಟ್ಟು ಅದಕ್ಕೆ ಹಿಡಿಯಿರಿ. ಬಾವಿಗೆ ಬಗ್ಗುವಾಗ ಮೀಟರಿನ ಹಗ್ಗ ಕೈಗೆ ಸುತ್ತಿಕೊಂಡಿರಿ. ಕಟ್ಟೆ ಇಲ್ಲದ ಬಾವಿಯಾದರೆ ಬಗ್ಗಲೇಬೇಡಿ.

ಬೆಳಿಗ್ಗೆ ಕುರುಡು, ಹತ್ತು ಗಂಟೆಗೆ ಸರಿ

ಎಸಿ ಕಾರಿನಿಂದ ಇಳಿದ ಕೂಡಲೇ ಮೀಟರ್ ಕೆಲಸ ಮಾಡುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟರೆ ಮಾಡುತ್ತದೆ. ಮಂಗಳೂರಿನ ಗಾಳಿಯಲ್ಲಿ 30 ಡಿಗ್ರಿ ಸೆಖೆ, ನೂರಕ್ಕೆ 85 ತೇವ ಇದ್ದರೆ, 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ನೀರು ಕೂರುತ್ತದೆ. ಕಾರಿನೊಳಗೆ 23ರಲ್ಲಿ ತಣ್ಣಗೆ ಮಲಗಿದ್ದ ಲೆನ್ಸ್ ಹೊರಗೆ ಬಂದ ಕೂಡಲೇ ಬೆವರುತ್ತದೆ. ಕನ್ನಡಕ ಹಾಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒರೆಸಬೇಡಿ. ಅರ್ಧ ಗಂಟೆ ಪೆಟ್ಟಿಗೆಯೊಳಗೇ ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಮಂಜು ತಾನೇ ಹೋಗುತ್ತದೆ.

ಹೊರಗಿನ ಮಂಜು ಹೋದರೂ ಲೆನ್ಸಿನ ಒಳಬದಿಯಲ್ಲಿ ಉಳಿದಿದ್ದರೆ ವಿಷಯ ಬೇರೆ. ಎಲ್ಲೋ ಗ್ಯಾಸ್ಕೆಟ್ ಬಿಟ್ಟಿದೆ, ತೇವ ಒಳಗೆ ಹೋಗಿದೆ. ಸೆಲ್ ತೆಗೆದು, ಸೆಲ್ಲಿನ ಮುಚ್ಚಳ ತೆರೆದಿಟ್ಟು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎರಡು ಮೂರು ದಿನ ಇಡಿ. ಅಕ್ಕಿ ಡಬ್ಬಿಯಲ್ಲಿ ಇಡುವ ಉಪಾಯ ನನಗೆ ಇಷ್ಟವಿಲ್ಲ. ತೇವ ಎಳೆಯುವುದು ಕಡಿಮೆ, ಅಕ್ಕಿಯ ಪುಡಿ ಸೇರುವುದು ಖಂಡಿತ. ಮೂರು ದಿನದ ಮೇಲೂ ಮಂಜು ಮರಳಿ ಬಂದರೆ ಸರ್ವಿಸಿಗೆ ಕೊಡಿ.

ಇನ್ನು ಉಪ್ಪು. ಪಣಂಬೂರು, ಮಲ್ಪೆ, ಕಾಪು ಕಡೆ ಕಡಲ ಹತ್ತಿರ ಕೆಲಸ ಮಾಡುವವರ ಮೀಟರಿನ ಮೂತಿ ನೋಡಿದರೆ ಗೊತ್ತಾಗುತ್ತದೆ, ತೆಳ್ಳಗೆ ಬೂದಿ ಬಳಿದ ಹಾಗೆ. ಉಪ್ಪಿನ ಹರಳು ಹೊರಗೆ ಹೋಗುವ ಬೆಳಕನ್ನು ಬಾಗಿಲಲ್ಲೇ ಚದುರಿಸುತ್ತದೆ. ಅದರಲ್ಲಿ ಸ್ವಲ್ಪ ಪಕ್ಕದ ದೊಡ್ಡ ಕಣ್ಣಿಗೆ ನೇರ ನುಗ್ಗುತ್ತದೆ. ಎರಡು ಕಣ್ಣುಗಳ ನಡುವೆ ಒಂದು ಬೆರಳಿನ ಜಾಗವೂ ಇಲ್ಲದ ಇಷ್ಟು ಚಿಕ್ಕ ಉಪಕರಣದಲ್ಲಿ ಇದು ದೊಡ್ಡ ತಲೆನೋವು. ಗೋಡೆಯಿಂದ ಬಂದ ನಿಜವಾದ ಬೆಳಕಿನ ಜೊತೆ ಬಾಗಿಲಲ್ಲೇ ಹುಟ್ಟಿದ ಸುಳ್ಳು ಬೆಳಕು ಸೇರಿ, ಅಳತೆ ಕೆಲವು ಮಿಲಿಮೀಟರ್ ಜಾರುತ್ತದೆ. ಗೋಡೆ ದೂರವಿದ್ದಷ್ಟೂ ಸುಳ್ಳಿನ ಪಾಲು ಜಾಸ್ತಿ.

ಒರೆಸುವ ಕ್ರಮ ಹೀಗಿದೆ, ದಯವಿಟ್ಟು ಬೈರಾಸಿನಲ್ಲಿ ಒರೆಸಬೇಡಿ. ಹೆಗಲ ಮೇಲಿನ ಬೈರಾಸಿನಲ್ಲಿ ಸಿಮೆಂಟ್ ಇದೆ, ಹೊಯ್ಗೆ ಇದೆ. ಒಂದು ಸಲ ಒರೆಸಿದರೆ ಸಾಕು, ಗೀರು ಜೀವಮಾನಕ್ಕೆ. ಮೊದಲು ರಬ್ಬರ್ ಬ್ಲೋವರಿನಿಂದ ಧೂಳು ಊದಿ. ಬಾಯಿಂದ ಬೇಡ, ಎಲೆಯಡಿಕೆ ಹಾಕುವವರಂತೂ ಬೇಡವೇ ಬೇಡ. ಡಿಸ್ಟಿಲ್ಡ್ ವಾಟರಿನ ಒಂದು ಹನಿಯನ್ನು ಕನ್ನಡಕ ಒರೆಸುವ ಬಟ್ಟೆಗೆ ತಾಗಿಸಿ, ಅದು ಉಪ್ಪನ್ನು ಕರಗಿಸುವಷ್ಟು ಹೊತ್ತು ಮೂತಿಯ ಮೇಲಿಟ್ಟು, ಆಮೇಲೆ ಹಗುರವಾಗಿ ಎಳೆಯಿರಿ. ಸೈಟಿನಲ್ಲಿ ಕೈಗೆ ಸಿಗುವ ಥಿನ್ನರ್, ಅಸಿಟೋನ್ ಮುಟ್ಟಿಸಬೇಡಿ. ಈ ಲೆನ್ಸುಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್, ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಳ್ಳುತ್ತವೆ.

ಮಳೆ ಸುರಿಯುವ ಆಟಿ ತಿಂಗಳಲ್ಲಿ ಬರುವ ಮೂರನೇ ಶತ್ರು ಬೂಷ್ಟು. ಚಪ್ಪಲಿಗೆ, ಬೆಲ್ಟಿಗೆ ಹಿಡಿಯುವ ಬೂಷ್ಟು ಲೆನ್ಸಿಗೂ ಹಿಡಿಯುತ್ತದೆ. ಸೆಲ್ ತೆಗೆದು, ಓರೆಯಾಗಿ ಟಾರ್ಚ್ ಬಿಟ್ಟು ನೋಡಿ. ಜೇಡನ ಎಳೆಯಂಥ ಗೆರೆಗಳು ಕಂಡರೆ ಅದೇ. ಹೊರಬದಿಯದಾದರೆ ಒರೆಸಿದಾಗ ಹೋಗುತ್ತದೆ. ಒಳಗಿದ್ದರೆ ಹೋಗುವುದಿಲ್ಲ. ಮೀಟರನ್ನು ಅದರ ಜೊತೆ ಬಂದ ಬಟ್ಟೆಯ ಚೀಲದಲ್ಲೇ ಮಳೆಗಾಲ ಪೂರ್ತಿ ಇಡುವುದು ಬೂಷ್ಟಿಗೆ ಮನೆ ಕಟ್ಟಿಕೊಟ್ಟ ಹಾಗೆ. ಚೀಲ ಒದ್ದೆ ಹಿಡಿದಿಟ್ಟುಕೊಳ್ಳುತ್ತದೆ. ಬಿಗಿ ಡಬ್ಬಿ, ಸಿಲಿಕಾ ಜೆಲ್, ಅಷ್ಟೇ. ನೀಲಿ ಹರಳು ಗುಲಾಬಿಯಾದರೆ ಹುರಿದು ಒಣಗಿಸಿ. ಅಡುಗೆಗೆ ಬಳಸದ ಬೇರೆ ಬಾಣಲೆಯಲ್ಲಿ ಹುರಿಯಿರಿ, ಆ ನೀಲಿ ಬಣ್ಣದಲ್ಲಿ ಕೋಬಾಲ್ಟ್ ಇದೆ.

ಚುಕ್ಕೆಯೇ ಸರಿ ಇಲ್ಲ

ಸಂಜೆ ಕತ್ತಲಾದ ಮೇಲೆ ಹತ್ತು ಮೀಟರ್ ದೂರದ ಬಿಳಿ ಗೋಡೆಗೆ ಬಿಟ್ಟು, ಹತ್ತಿರ ಹೋಗಿ ಚುಕ್ಕೆಯನ್ನು ನೋಡಿ. ಸ್ವಲ್ಪ ಉದ್ದುದ್ದ ಇದ್ದರೆ ಹೆದರಬೇಡಿ, ಲೇಸರ್ ಡಯೋಡಿನ ಬೆಳಕು ಹುಟ್ಟುವುದೇ ಮೊಟ್ಟೆಯಾಕಾರದಲ್ಲಿ. ಸುತ್ತ ಮಸುಕಾದ ಪ್ರಭೆ ಇದ್ದರೆ ಮೂತಿ ಕೊಳಕು. ಎರಡು ಚುಕ್ಕೆ ಕಂಡರೆ ಮುಂದಿನ ಗಾಜು ಬಿರುಕು ಬಿಟ್ಟಿದೆ. ನಾಣ್ಯದಷ್ಟು ಅಗಲಕ್ಕೆ ಹರಡಿದ್ದು ಒರೆಸಿದರೂ ಹಾಗೇ ಇದ್ದರೆ ಒಳಗಿನ ಲೆನ್ಸ್ ಜಾಗ ಬಿಟ್ಟಿದೆ. ಚುಕ್ಕೆ ಮಂಕಾಗಿದ್ದು ಹೊಸ ಸೆಲ್ಲಿಗೂ ಹಾಗೇ ಇದ್ದರೆ ಡಯೋಡಿಗೆ ವಯಸ್ಸಾಗಿದೆ. ಕೊನೆಯ ಮೂರಕ್ಕೂ ಮನೆಮದ್ದು ಇಲ್ಲ.

ಬಿದ್ದ ಮೇಲೆ ಹತ್ತಿರದ್ದು ಓದುತ್ತದೆ, ದೂರದ್ದು ಓದುವುದಿಲ್ಲ

ಏಣಿಯಿಂದ ಬಿದ್ದ ಮೀಟರ್. ಹೊರಗೆ ಒಂದು ಗೀರೂ ಇಲ್ಲ, ಚುಕ್ಕೆಯೂ ಚೆನ್ನಾಗಿದೆ. ಮೂರು ಮೀಟರ್ ಸರಿಯಾಗಿ ತೋರಿಸುತ್ತದೆ, ಹದಿನೈದು ಮೀಟರಿಗೆ ಎರರ್. ಇದು ಎರಡು ಕಣ್ಣುಗಳ ನೋಟ ಒಂದಕ್ಕೊಂದು ತಪ್ಪಿದ ಲಕ್ಷಣ.

ದೊಡ್ಡ ಲೆನ್ಸಿನಿಂದ ಸೆನ್ಸರಿಗೆ 30 ಮಿಲಿಮೀಟರ್ ದೂರ ಎಂದಿಟ್ಟುಕೊಳ್ಳಿ. ಬಿದ್ದ ಪೆಟ್ಟಿಗೆ ಸೆನ್ಸರ್ ಬರೇ 0.1 ಮಿಲಿಮೀಟರ್, ಒಂದು ಕಾಗದದ ದಪ್ಪದಷ್ಟು ಸರಿಯಿತು. ಹತ್ತು ಮೀಟರಿನಲ್ಲಿ ಅದರ ನೋಟ 3 ಸೆಂಟಿಮೀಟರಿಗೂ ಜಾಸ್ತಿ ಪಕ್ಕಕ್ಕೆ ಹೋಯಿತು. ಲೇಸರ್ ಚುಕ್ಕೆ ಒಂದು ಕಡೆ, ಸೆನ್ಸರ್ ನೋಡುತ್ತಿರುವುದು ಇನ್ನೊಂದು ಕಡೆ. ಹತ್ತಿರದಲ್ಲಿ ಬೆಳಕು ಧಾರಾಳ ಇರುವುದರಿಂದ ಅಂಚಿನಲ್ಲಿ ಸಿಕ್ಕಷ್ಟರಲ್ಲೇ ಹೇಗೋ ಸುಧಾರಿಸುತ್ತದೆ. ದೂರಕ್ಕೆ ಸಾಧ್ಯವಿಲ್ಲ.

ಉಲ್ಟಾ ಲಕ್ಷಣವೂ ಉಂಟು: ದೂರದ್ದು ಸರಿ, ಅರ್ಧ ಮೀಟರಿನ ಒಳಗೆ ಎರರ್. ಎರಡು ಕಣ್ಣು ಅಕ್ಕಪಕ್ಕ ಇರುವುದರಿಂದ ತೀರಾ ಹತ್ತಿರದ ಚುಕ್ಕೆಯ ಬಿಂಬ ಸೆನ್ಸರಿನಿಂದ ಆಚೆ ಜಾರುತ್ತದೆ. ಮೂಗಿನ ತುದಿಯನ್ನು ಎರಡೂ ಕಣ್ಣಿಂದ ನೋಡಲು ಹೋದ ಹಾಗೆ. ಅದನ್ನು ಸರಿದೂಗಿಸಲು ಲೆನ್ಸಿನ ಒಂದು ಭಾಗವನ್ನು ಬೇರೆ ಆಕಾರದಲ್ಲಿ ಮಾಡುವುದುಂಟು. ಆ ಭಾಗ ಮಾತ್ರ ಕೊಳಕಾದರೂ ಹೀಗಾಗುತ್ತದೆ. ಆದ್ದರಿಂದ ಮೊದಲು ಒರೆಸಿ ನೋಡಿ, ಆಮೇಲೆ ಚಿಂತೆ ಮಾಡಿ.

ಒರೆಸಿದರೂ ಹೋಗದಿದ್ದರೆ ಬಿಚ್ಚಲು ಹೋಗಬೇಡಿ. ಕ್ಲಾಸ್ 2 ಎಂಬ ಭರವಸೆ ಕವಚ ಮುಚ್ಚಿದ್ದಾಗ ಮಾತ್ರ. ಸೆನ್ಸರಿಗೆ ಹತ್ತಾರು, ಕೆಲವೊಮ್ಮೆ ನೂರು ದಾಟಿದ ವೋಲ್ಟ್ ಕೊಟ್ಟಿರುತ್ತಾರೆ. ಅದಕ್ಕಿಂತ ದೊಡ್ಡ ವಿಷಯ, ಫ್ಯಾಕ್ಟರಿಯಲ್ಲಿ ಲೆನ್ಸ್ ಹೊಂದಿಸಿ ಅಂಟು ಹಾಕಿದ ಮೇಲೆ ಅದನ್ನು ಕಣ್ಣಂದಾಜಿನಲ್ಲಿ ಮತ್ತೆ ಹೊಂದಿಸುವುದು ಆಗದ ಮಾತು. ಕಲಿಯುವಾಗ ನಾನೂ ಎರಡು ಹಾಳು ಮಾಡಿದ್ದೇನೆ.

ಕೆಲವೇ ಮಿಲಿಮೀಟರ್ ಅನುಮಾನ

ಎಲ್ಲ ಸರಿ ಇದೆ, ಆದರೆ ಟೇಪಿಗೂ ಮೀಟರಿಗೂ ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಯಾರನ್ನು ನಂಬುವುದು? ಟೇಪೂ ಸತ್ಯಹರಿಶ್ಚಂದ್ರ ಏನಲ್ಲ. ಸ್ಟೀಲ್ ಟೇಪಿನ ಅಳತೆ ಸಾಮಾನ್ಯವಾಗಿ 20 ಡಿಗ್ರಿಗೆ ಸರಿ ಮಾಡಿದ್ದು. ನಮ್ಮ 32 ಡಿಗ್ರಿಯಲ್ಲಿ 30 ಮೀಟರಿನ ಟೇಪು 4 ಮಿಲಿಮೀಟರ್ ಹಿಗ್ಗಿರುತ್ತದೆ. ಜೋತು ಬಿದ್ದದ್ದು ಬೇರೆ. ಸೆಖೆಯಿಂದ ಗಾಳಿಯಲ್ಲಿ ಬೆಳಕಿನ ವೇಗ ಬದಲಾಗುವುದಾದರೆ ಹತ್ತು ಡಿಗ್ರಿಗೆ ಹತ್ತು ಮೀಟರಿನಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲು, ಅದನ್ನು ಮರೆತುಬಿಡಿ.

ಟೇಪೇ ಬೇಡದ ಒಂದು ಪರೀಕ್ಷೆ ಇದೆ. ಸರ್ವೆಯವರು ಹಿಂದಿನಿಂದ ಮಾಡಿಕೊಂಡು ಬಂದದ್ದು. ಉದ್ದದ ಜಗಲಿಯೋ ಕಾರಿಡಾರೋ ಇದ್ದರೆ ಒಂದೇ ಗೆರೆಯಲ್ಲಿ ಮೂರು ಗುರುತು ಹಾಕಿ: ಈ ತುದಿ, ನಡುವೆ ಎಲ್ಲಾದರೂ, ಆ ತುದಿ. ಒಂದೇ ಎತ್ತರದಲ್ಲಿ, ಮೀಟರನ್ನು ಸ್ಟೂಲಿನ ಮೇಲಿಟ್ಟು ಅಳೆಯಿರಿ. ಈ ತುದಿಯಿಂದ ನಡುವಿಗೆ, ನಡುವಿನಿಂದ ಆ ತುದಿಗೆ, ಆಮೇಲೆ ಪೂರ್ತಿ ಉದ್ದ. ಹೋದ ತಿಂಗಳು ನನ್ನ ಜಗಲಿಯಲ್ಲಿ ಒಂದು ಮೀಟರಿಗೆ ಬಂದದ್ದು 4.213, 5.388, ಪೂರ್ತಿ 9.597. ಎರಡು ತುಂಡು ಕೂಡಿಸಿದರೆ 9.601. ತುಂಡುಗಳಲ್ಲಿ ತಪ್ಪು ಎರಡು ಸಲ ಸೇರಿದೆ, ಪೂರ್ತಿಯಲ್ಲಿ ಒಂದು ಸಲ. ಹಾಗಾಗಿ ಈ ಮೀಟರ್ ಪ್ರತಿ ಅಳತೆಗೂ 4 ಮಿಲಿಮೀಟರ್ ಸೇರಿಸುತ್ತಿದೆ.

ಒಂದೇ ಸಲಕ್ಕೆ ತೀರ್ಪು ಕೊಡಬೇಡಿ. ಒಳ್ಳೆಯ ಮೀಟರಿಗೂ 2 ಮಿಲಿಮೀಟರ್ ಆಚೀಚೆ ಹೋಗಲು ಅನುಮತಿ ಇದೆ. ಪ್ರತಿಯೊಂದನ್ನೂ ಹತ್ತು ಸಲ ಅಳೆದು ಸರಾಸರಿ ತೆಗೆಯಿರಿ. ತಪ್ಪು ಮೂರು ಮಿಲಿಮೀಟರಿಗಿಂತ ಕಡಿಮೆ ಬಂದರೆ ಮನೆ ಕಟ್ಟುವ ಕೆಲಸಕ್ಕೆ ಏನೂ ತೊಂದರೆ ಇಲ್ಲ. ಯಾವಾಗಲೂ ಒಂದೇ ಅಂಕೆ ಬಂದರೆ, ಕೆಲವು ಮೀಟರುಗಳಲ್ಲಿ ಅದನ್ನು ಮೆನುವಿನಲ್ಲೇ ಕಳೆಯಬಹುದು. ತಪ್ಪು ದೂರದ ಜೊತೆ ಬೆಳೆಯುತ್ತಾ ಹೋದರೆ ಒಳಗಿನ ಗಡಿಯಾರದ ದೋಷ. ಇದ್ದಕ್ಕಿದ್ದಂತೆ ಒಂದು, ಒಂದೂವರೆ ಮೀಟರಿನಂಥ ದೊಡ್ಡ ಜಿಗಿತ, ಅದೂ ಪ್ರತಿ ಸಲ ಒಂದೇ ಅಂಕೆಯ ಜಿಗಿತ ಕಂಡರೆ, ಅಲೆಗಳನ್ನು ಎಣಿಸುವಾಗ ಒಂದು ಅಲೆ ತಪ್ಪಿದೆ. ಬಿಳಿ ರಟ್ಟಿಗೆ, ನೆರಳಿನಲ್ಲಿ, ಐದು ಮೀಟರಿಗೂ ಹಾಗೇ ಆದರೆ ಸರ್ಕ್ಯೂಟ್ ಕೈಕೊಟ್ಟಿದೆ.

ಸರ್ವಿಸಿಗೆ ಕೊಡುವಾಗ

ಅಗ್ಗದ ಮೀಟರಾದರೆ ರಿಪೇರಿಗಿಂತ ಹೊಸದೇ ಲಾಭ, ನನ್ನ ಹೊಟ್ಟೆಪಾಡಿಗೆ ವಿರುದ್ಧವಾಗಿ ಹೇಳುತ್ತಿದ್ದೇನೆ. ವಾರಂಟಿ ಇರುವಾಗ ಸ್ಕ್ರೂ ಮುಟ್ಟಬೇಡಿ. ದುಬಾರಿಯದನ್ನು ಕಳಿಸುವಾಗ ಸೆಲ್ ತೆಗೆದು, ಜೊತೆಗೆ ಒಂದು ಚೀಟಿ ಇಡಿ: ಯಾವ ಗೋಡೆಗೆ, ಎಷ್ಟು ದೂರಕ್ಕೆ, ಬಿಸಿಲಲ್ಲೋ ನೆರಳಲ್ಲೋ, ಪರದೆಯಲ್ಲಿ ಬಂದ ಸಂಖ್ಯೆ ಯಾವುದು, ಮೂರು ಗುರುತಿನ ಪರೀಕ್ಷೆಯಲ್ಲಿ ಎಷ್ಟು ಬಂತು. ಬಿದ್ದಿದ್ದರೆ ಬಿದ್ದಿದೆ ಎಂದೇ ಬರೆಯಿರಿ. ಮೊನ್ನೆ ಬಂದ ಒಂದರ ಚೀಟಿಯಲ್ಲಿ "ಸುಮ್ನೆ ಇಟ್ಟಲ್ಲೇ ಹಾಳಾಯ್ತು" ಎಂದಿತ್ತು. ಮೂಲೆಯ ಬಿರುಕಿನೊಳಗೆ ಕೆಂಪು ಕಲ್ಲಿನ ಪುಡಿ ಇನ್ನೂ ಹಸಿಯಾಗಿತ್ತು.